ಕ್ಯಾಮೆರಾ ಚೀಲ ಹೊತ್ತೊಯ್ಯುವ ಮಹಾಶಯರ ಸನ್ನಿಧಿಗೆ

ಇವರಿಗೆ: ಕಲ್ಯಾಣ ಮಂಟಪಗಳಲ್ಲಿ ಕ್ಯಾಮೆರಾ ಚೀಲ ಎತ್ತುವ ಸಮಸ್ತ ಮಹಾಶಯರಿಗೆ

ವಿಷಯ: ಕಳುವಾದ ಕ್ಯಾಮೆರಾದ ಬೆಲೆ ಕಟ್ಟುವ ಕ್ರಮದ ಬಗ್ಗೆ

ಕ್ಯಾಮೆರಾಕ್ಕೆ ಬೆಲೆ ಒಂದಲ್ಲ. ಅಂಗಡಿಯಲ್ಲಿ ಒಂದು, ಠಾಣೆಯಲ್ಲಿ ಒಂದು, ಕೋರ್ಟಿನಲ್ಲಿ ಒಂದು, ವಿಮಾ ಕಚೇರಿಯಲ್ಲಿ ಒಂದು, ಹಳೇ ಮಾಲು ಕೊಳ್ಳುವವನ ಬಳಿ ಮತ್ತೊಂದು. ಕದಿಯುವ ಕೈಗೆ ಸಿಗುವುದು ಕೊನೆಯದು. ಎಲ್ಲದಕ್ಕಿಂತ ಕಡಿಮೆಯದೂ ಅದೇ. ಕಸುಬಿನವರು ಕಸುಬಿನ ಲೆಕ್ಕ ತಿಳಿಯದೆ ನಷ್ಟಕ್ಕೆ ಬೀಳಬಾರದೆಂಬ ಸದಾಶಯದಿಂದ ಆ ಬೆಲೆಗಳ ವಿವರವನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಮೊದಲನೆಯದು ಬಿಲ್ಲಿನ ಬೆಲೆ. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ 2019ರ ಜನವರಿ 1ರಂದು ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹಾಗಾಗಿ 1,00,000 ರೂಪಾಯಿಯ ಕ್ಯಾಮೆರಾ ಬಾಡಿಯ ಮೇಲೆ 18,000 ತೆರಿಗೆ ಸೇರುತ್ತದೆ. ಮಹಾಶಯರು ತೆರಿಗೆ ಕಟ್ಟದೆ ವ್ಯವಹಾರ ಮಾಡುತ್ತಾರೆಂಬ ದೂರು ಸರಿಯಲ್ಲ. ಅವರ ಪರವಾಗಿ ಮಾಲೀಕನೇ ಮುಂಗಡವಾಗಿ ಕಟ್ಟಿರುತ್ತಾನೆ.

ಎರಡನೆಯದು ಠಾಣೆಯ ಬೆಲೆ. ಇದರ ಹೆಸರು ‘ಅಂದಾಜು’. ಬಿಲ್ ಇದೆಯೇ ಎಂಬುದು ಮೊದಲ ಪ್ರಶ್ನೆ, ಸೀರಿಯಲ್ ನಂಬರ್ ಎಲ್ಲಿ ಎಂಬುದು ಎರಡನೆಯದು. ನಂಬರು ಇರುವುದು ಬಾಡಿಯ ತಳದಲ್ಲಿ. ಬಾಡಿ ಮಹಾಶಯರ ಬಳಿ ಇರುತ್ತದೆ. ನಂಬರು ಡಬ್ಬದ ಮೇಲೂ ಇರುತ್ತದೆ. ಡಬ್ಬ ಅಟ್ಟದ ಮೇಲೆ, ಹಳೇ ಗೊಂಬೆ ಹಬ್ಬದ ಸಾಮಾನಿನ ಕೆಳಗೆ ಇರುತ್ತದೆ. ಹಲವು ಕ್ಯಾಮೆರಾಗಳು ತಾವು ತೆಗೆದ ಪ್ರತಿ ಚಿತ್ರದ ಫೈಲಿನೊಳಗೂ ಈ ನಂಬರನ್ನು ಬರೆದಿಡುತ್ತವೆ. ಕದ್ದ ಕ್ಯಾಮೆರಾದಲ್ಲಿ ಮಗುವಿನ ಹುಟ್ಟುಹಬ್ಬದ ಫೋಟೊ ತೆಗೆದು ಎಲ್ಲರಿಗೂ ಹಂಚುವವರು, ಪ್ರತಿ ಫೋಟೊದಲ್ಲೂ ತಮ್ಮ ಮೇಲಿನ ಸಾಕ್ಷ್ಯವನ್ನೇ ಹಂಚುತ್ತಿರುತ್ತಾರೆ. ಮೊಬೈಲಿಗಾದರೆ ಐಎಂಇಐ ಸಂಖ್ಯೆ ಕೊಟ್ಟು ‘ಸಂಚಾರ್ ಸಾಥಿ’ಯಲ್ಲಿ ಬ್ಲಾಕ್ ಮಾಡಿಸುವ ಅನುಕೂಲವಿದೆ. ಸಿಮ್ ಇಲ್ಲದ ಕ್ಯಾಮೆರಾಕ್ಕೆ ಅಂಥ ಯೋಗವಿಲ್ಲ. ಅದು ಯಾರ ಕೈಯಲ್ಲಾದರೂ ನಿಷ್ಠೆಯಿಂದ ಕ್ಲಿಕ್ಕಿಸುತ್ತದೆ.

ಮೂರನೆಯದು ಕಾನೂನಿನ ಬೆಲೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ ಕಳವಿಗೆ 3 ವರ್ಷದವರೆಗೆ ಸೆರೆ. ಆದರೆ ಮಾಲಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಇದು ಮೊದಲ ಅಪರಾಧವಾಗಿದ್ದು, ಮಾಲನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಅಂದರೆ 4,999 ರೂಪಾಯಿಯ ಟ್ರೈಪಾಡ್ ಎತ್ತಿದವರು ಕಸ ಗುಡಿಸಿ ಮನೆಗೆ ಹೋಗಬಹುದು. 5,000ದ್ದನ್ನು ಎತ್ತಿದವರಿಗೆ ಆ ಬಾಗಿಲಿಲ್ಲ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಒಪ್ಪುವ ಶೇ 15ರ ವಾರ್ಷಿಕ ಸವಕಳಿಯನ್ನು ಕೋರ್ಟೂ ಒಪ್ಪುವುದಾದರೆ, ಲಕ್ಷ ರೂಪಾಯಿಯ ಬಾಡಿ 5 ವರ್ಷಕ್ಕೆ 44,370ಕ್ಕೆ ಇಳಿಯುತ್ತದೆ; 5,000ದ ಗೆರೆಯ ಕೆಳಗೆ ಬರಲು 19 ವರ್ಷ ಬೇಕು. ಅಲ್ಲಿಯವರೆಗೆ ಕಾಯುವ ಸಂಯಮ ಇರುವವರು ಈ ಕಸುಬಿಗೆ ಬರುವುದಿಲ್ಲ. ಸ್ಥಳದ ಆಯ್ಕೆಯಲ್ಲೂ ಎಚ್ಚರ ಬೇಕು: ಅದೇ ಚೀಲವನ್ನು ವಾಸದ ಮನೆಯೊಳಗಿಂದ ಎತ್ತಿದರೆ 305ನೇ ಕಲಂ ಅನ್ವಯಿಸಿ 7 ವರ್ಷದವರೆಗೆ ಸೆರೆ.

ನಾಲ್ಕನೆಯದು ವಿಮೆಯ ಬೆಲೆ. ಮಹಾಶಯರ ನಾಜೂಕಿನ ಕೈಚಳಕ ಮಾಲೀಕನಿಗೆ ಅತಿ ಹೆಚ್ಚು ನಷ್ಟ ತರುವುದು ಇಲ್ಲಿಯೇ. ಕನ್ನ ಕಳವಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬಲಪ್ರಯೋಗದ ಷರತ್ತು ಇರುತ್ತದೆ. ಬೀಗ ಒಡೆದಿರಬೇಕು, ಕಿಟಕಿ ಕಿತ್ತಿರಬೇಕು. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರವಿಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ತೀರ್ಪಿತ್ತಿದೆ. ತೆರೆದ ಬಾಗಿಲಿನಿಂದ ನೆಂಟರಂತೆ ಬಂದು, ಪಾಯಸ ಉಂಡು, ಚೀಲ ಹೆಗಲಿಗೇರಿಸಿ ಹೋಗುವವರು ವಿಮಾ ಕಂಪನಿಗೆ ಮಾಡುವ ಉಪಕಾರ ದೊಡ್ಡದು. ಪಾಲಿಸಿ ಉಪಕರಣಕ್ಕೆಂದೇ ಮಾಡಿಸಿದ್ದಾದರೂ ‘ಸರಾಸರಿ’ ಷರತ್ತು ಇದ್ದರೆ ಕಥೆ ಮುಗಿಯುವುದಿಲ್ಲ. ಲಕ್ಷದ ಮಾಲಿಗೆ 50,000ಕ್ಕೆ ವಿಮೆ ಮಾಡಿಸಿದವನು 40,000ದ ಲೆನ್ಸ್ ಕಳೆದುಕೊಂಡರೆ ಸಿಗುವುದು ಅದರ ಅರ್ಧ, 20,000. ಕಂತು ಉಳಿಸಿದ ಜಾಣತನದ ಬೆಲೆ ಅಂದು ತಿಳಿಯುತ್ತದೆ.

ಐದನೆಯದು ಹಳೇ ಮಾಲಿನ ಅಂಗಡಿಯ ಬೆಲೆ. ಅಲ್ಲಿ ಮೊದಲು ಕೇಳುವುದು ಶಟರ್ ಕೌಂಟ್. ಆರಂಭಿಕ ದರ್ಜೆಯ ಎಷ್ಟೋ ಕ್ಯಾಮೆರಾಗಳ ಶಟರ್ ಸುಮಾರು 1,00,000 ಕ್ಲಿಕ್ಕಿಗೆ, ನಿಕಾನ್ ಡಿ5ರಂಥ ವೃತ್ತಿಪರರ ಬಾಡಿ 4,00,000 ಕ್ಲಿಕ್ಕಿಗೆ ಪರೀಕ್ಷೆಯಾಗಿರುತ್ತದೆ. ಮದುವೆಗೆ 2,000 ಕ್ಲಿಕ್ಕಿನಂತೆ 50 ಮದುವೆ ಕಂಡ ಅಗ್ಗದ ಬಾಡಿ ನಿವೃತ್ತಿಯ ಅಂಚಿನಲ್ಲಿರುವ ಗುಮಾಸ್ತ. ಆಮೇಲೆ ಲೆನ್ಸನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡುತ್ತಾರೆ. ಮಲೆನಾಡಿನ ಎರಡು ಮಳೆಗಾಲ ಕಂಡ ಗಾಜಿನಲ್ಲಿ ಜೇಡರ ಬಲೆಯಂಥ ಫಂಗಸ್ ಕಂಡರೆ ಬೆಲೆ ಅಲ್ಲೇ ನೆಲ ಕಚ್ಚುತ್ತದೆ. ಕೊನೆಗೆ ಬಿಲ್, ಡಬ್ಬ, ಚಾರ್ಜರ್ ಕೇಳುತ್ತಾರೆ. ಬಿಲ್ಲಿಲ್ಲದ ಮಾಲನ್ನು ಕಣ್ಣು ಮುಚ್ಚಿ ಕೊಳ್ಳುವವರಿಗೆ, ಅದು ಕದ್ದದ್ದೆಂದು ತಿಳಿದಿದ್ದರೆ, 317ನೇ ಕಲಂ ಕಾದಿರುತ್ತದೆ. ಆ ಭಯದ ಬಾಬ್ತನ್ನೂ ಮಹಾಶಯರ ಪಾಲಿನಿಂದಲೇ ಕಳೆಯಲಾಗುತ್ತದೆ. ವಯಸ್ಸಾದಂತೆ ಬೆಲೆ ಏರಿದ ನಿದರ್ಶನ ಇಲ್ಲದಿಲ್ಲ: ಲೈಕಾ ಕ್ಯಾಮೆರಾದ ವಿನ್ಯಾಸಕ ಆಸ್ಕರ್ ಬರ್ನಾಕ್ ತಾವೇ ಬಳಸುತ್ತಿದ್ದ 1923ರ ಲೈಕಾ 2022ರ ಹರಾಜಿನಲ್ಲಿ 144 ಲಕ್ಷ ಯೂರೋಗೆ ಹೋಯಿತು. ಸುಮಾರು ನೂರು ವರ್ಷ ಬಚ್ಚಿಟ್ಟುಕೊಳ್ಳುವ ಜಾಗ ಇರುವವರು ಪ್ರಯತ್ನಿಸಬಹುದು.

ಆರನೆಯದಕ್ಕೆ ಬೆಲೆಯ ಕಾಲಮೇ ಇಲ್ಲ. ಅದು ಕ್ಯಾಮೆರಾದೊಳಗಿನ ಉಗುರಗಲದ ಕಾರ್ಡು. ಖಾಲಿ ಕಾರ್ಡಿಗೆ ಬಿಲ್ಲಿನಲ್ಲಿ ಒಂದೆರಡು ಸಾವಿರ. ಅದರೊಳಗೆ ಧಾರೆಯ ನೀರು ಬೀಳುವ ಹೊತ್ತು ಇದೆ, ಅಂತರಪಟ ಸರಿದಾಗ ಮದುಮಗಳು ತಡೆಯಲಾರದೆ ನಕ್ಕದ್ದಿದೆ, ಗಾಲಿಕುರ್ಚಿಯಲ್ಲಿ ಬಂದ ಅಜ್ಜಿ ಅಕ್ಷತೆ ಎಸೆಯಲಾಗದೆ ಮುಷ್ಟಿ ಬಿಗಿಹಿಡಿದದ್ದಿದೆ. ಅಂದಾಜು ಪಟ್ಟಿಯಲ್ಲಿ ಇದು ‘ಮೆಮೊರಿ ಕಾರ್ಡ್-1’. ವಿಮೆ ಕಾರ್ಡಿಗೆ ಸಿಕ್ಕರೂ ಚಿತ್ರಕ್ಕೆ ಸಿಗದು. ಮಹಾಶಯರ ಲೆಕ್ಕದಲ್ಲಿ ಅದು ಅಡ್ಡಿ. ಫಾರ್ಮ್ಯಾಟ್ ಒತ್ತಿದರೆ ತೀರಿತು. ಫೋಟೊಗ್ರಾಫರ್ ಮುಂಗಡ ಹಿಂದಿರುಗಿಸಬಹುದು. ತಾಳಿಯನ್ನು ಮತ್ತೊಮ್ಮೆ ಕಟ್ಟಿಸಲಾಗದು.

ಮಾಲು ಸಿಕ್ಕಿದರೆ ಮುಂದಿನ ಕ್ರಮವೂ ನಿಗದಿಯಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನಂತೆ ಕೋರ್ಟಿಗೆ ಬಂದ ಮಾಲಿನ ವಿವರ ಪಟ್ಟಿ 14 ದಿನದೊಳಗೆ ಆಗಬೇಕು, ಅದರ ಫೋಟೊ ತೆಗೆಯಬೇಕು. ಮೊಬೈಲಿನಲ್ಲಿ ತೆಗೆದರೂ ಆಗುತ್ತದೆ. ಬದುಕಿಡೀ ಇತರರ ಫೋಟೊ ತೆಗೆದ ಕ್ಯಾಮೆರಾ ಕೊನೆಗೆ ಹೀಗೆ ಮೊಬೈಲಿನ ಮುಂದೆ ನಿಲ್ಲುತ್ತದೆ.

ಮೇಲಿನ ಐದು ಬೆಲೆಗಳನ್ನು ಮಹಾಶಯರೇ ಇಟ್ಟುಕೊಳ್ಳಬಹುದು. ಆರನೆಯದು ಅವರಿಗೆ ಯಾವ ಪ್ರಯೋಜನಕ್ಕೂ ಬಾರದ್ದರಿಂದ, ಅದನ್ನು ಕಲ್ಯಾಣ ಮಂಟಪದ ಕಾವಲುಗಾರನ ಮೇಜಿನ ಮೇಲೆ ಬಿಟ್ಟು ಹೋಗಬೇಕಾಗಿ ಕೋರಿಕೆ.

ಅಡಕ: ಚಾರ್ಜರ್, ಒಂದು. ವೇದಿಕೆಯ ಪಕ್ಕದ ಪ್ಲಗ್ಗಿನಲ್ಲಿ ಮಹಾಶಯರು ಮರೆತು ಹೋದದ್ದು. ಅದು ಇಲ್ಲದೆ ಕ್ಯಾಮೆರಾಕ್ಕೆ ಒಳ್ಳೆಯ ಬೆಲೆ ಬರುವುದಿಲ್ಲ.