ಕರ್ಚೀಫು ಹಾಕಿದ ಸೀಟು

ತಿಂಗಳ ಕೊನೆಯ ದಿನ. ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಬೇರಿಂಗು ತಂದ ಲಾರಿ ನಿಂತು ಎರಡು ಗಂಟೆಯಾಗಿತ್ತು. ಡ್ರೈವರು ಒಂದು ನಿದ್ದೆ ತೆಗೆದು, ಎರಡು ಟೀ ಕುಡಿದು, ಮೂರನೇ ಸಲ ಸ್ಟೋರ್ಸಿನ ಕಿಟಕಿಯಲ್ಲಿ ಇಣುಕಿದ. ಒಳಗೆ ನಾನು ನಮ್ಮ ಲೆಕ್ಕದ ಸಾಫ್ಟ್‌ವೇರು ಸ್ಯಾಪ್‌ನಲ್ಲಿ, ಬಂದ ಸರಕು ಜಮೆ ಮಾಡುವ ಮಿಗೋ ಪರದೆ ತೆರೆದು, 45ರಿಂದ ಶುರುವಾಗುವ ಹತ್ತಂಕಿಯ ಪಿಒ ನಂಬರು ಹೊಡೆದು ಹೊಡೆದು ಬೆರಳು ಸವೆಸುತ್ತಿದ್ದೆ. ಪ್ರತಿ ಸಲವೂ ಪರದೆಯ ತಳದಲ್ಲಿ ಅದೇ ಸಾಲು: ಈ ಪರ್ಚೇಸ್ ಆರ್ಡರಿನ ಮೇಲೆ ‘ಪರ್ಚೇಸ್04’ ಕೆಲಸ ಮಾಡುತ್ತಿದ್ದಾರೆ.

ಪರ್ಚೇಸಿನವರು, ಅದೂ ಊಟದ ಹೊತ್ತಲ್ಲಿ, ಕೆಲಸ ಮಾಡುತ್ತಿದ್ದಾರೆ! ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂಬ ನನ್ನ ನಂಬಿಕೆ ಅಲ್ಲಾಡಿದ್ದು ಆಗಲೇ.

ಒಬ್ಬರು ತಿದ್ದಲು ತೆರೆದದ್ದನ್ನು ಇನ್ನೊಬ್ಬರು ಮುಟ್ಟದಂತೆ ಸ್ಯಾಪ್ ಹಾಕುವ ಬೀಗ ಇದು, ಹೆಸರು ಲಾಕ್. ಅದು ಯಾಕೆ ಬೇಕು ಎಂಬುದಕ್ಕೆ ದೊಡ್ಡ ಶಾಸ್ತ್ರ ಬೇಡ. ಸ್ಟಾಕಿನಲ್ಲಿ 100 ಬೇರಿಂಗು. ನಾನೂ ನೀವೂ ಒಟ್ಟಿಗೇ 100 ಎಂದು ಓದಿಕೊಂಡೆವು. ನಾನು 60 ತೆಗೆದು 40 ಎಂದು ಬರೆದೆ. ನೀವು 30 ತೆಗೆದು ಅದರ ಮೇಲೆ 70 ಎಂದು ಬರೆದಿರಿ. ಕಪಾಟಿನಲ್ಲಿ 10, ಲೆಕ್ಕದಲ್ಲಿ 70. ಮಿಕ್ಕ 60ನ್ನು ಆಡಿಟರ್ ಬಂದಾಗ ಯಾರ ಜೇಬಿನಿಂದ ತೆಗೆಯುವುದು? ಐಬಿಎಂನಲ್ಲಿದ್ದ ಜಿಮ್ ಗ್ರೇ ಮತ್ತು ಸಂಗಡಿಗರು ಈ ಬೀಗಗಳ ಶಿಸ್ತನ್ನು 1970ರ ದಶಕದಲ್ಲೇ ಬರೆದಿಟ್ಟರು. ಗ್ರೇಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿಯೂ ಬಂತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ನಮ್ಮ ಜನಕ್ಕೆ ಮಾತ್ರ ಯಾರೂ ಪ್ರಶಸ್ತಿ ಕೊಡಲಿಲ್ಲ.

ಐಟಿಗೆ ಫೋನ್ ಮಾಡಿದೆ. “ಟಿಕೆಟ್ ಹಾಕಿ ಸಾರ್.” ಪರ್ಚೇಸ್ ವಿಭಾಗ ನನ್ನ ಕುರ್ಚಿಯಿಂದ ಮೂವತ್ತು ಹೆಜ್ಜೆ. ಆದರೂ ಟಿಕೆಟ್ ಹಾಕಿದೆ. ಎದ್ದು ಹೋಗಿ ಕೇಳುವುದು ನಮ್ಮ ಪ್ರೊಸೀಜರಿನಲ್ಲಿ ಇಲ್ಲ. ತೊಂದರೆಯ ತೀವ್ರತೆ ಎಂಬ ಕಾಲಮ್ಮಿನಲ್ಲಿ ‘ಡ್ರೈವರು ಬೈಯುತ್ತಿದ್ದಾನೆ’ ಎಂಬ ಆಯ್ಕೆಯೂ ಇರಲಿಲ್ಲ.

ಮುಕ್ಕಾಲು ಗಂಟೆಗೆ ಸ್ಯಾಪ್ ನೋಡಿಕೊಳ್ಳುವ ಬೇಸಿಸ್ ತಂಡದ ಹುಡುಗ ಲೈನಿಗೆ ಬಂದ. “ಲಾಕ್ ಪಟ್ಟಿ ಎಸ್ಎಂ12ರಲ್ಲಿ ನಿಮ್ಮ ಪಿಒ ಲಾಕ್ ಕಾಣಿಸ್ತಿದೆ ಸಾರ್, ಡಿಲೀಟ್ ಮಾಡ್ಲಾ?” ಎಂದ, ಮೇಜಿನ ಧೂಳು ಒರೆಸಲಾ ಎನ್ನುವ ದನಿಯಲ್ಲಿ. ಎಸ್ಎಂ04ರಲ್ಲಿ ಬೀಗ ಹಾಕಿದ ಮನುಷ್ಯ ಇನ್ನೂ ಕೂತಿದ್ದಾನಾ, ಎಸ್ಎಂ13ರಲ್ಲಿ ಅರ್ಧಕ್ಕೆ ಸಿಕ್ಕಿಕೊಂಡ ಅಪ್‌ಡೇಟ್ ಇದೆಯಾ ಎಂದು ನೋಡದೆ ಬೀಗ ಒಡೆಯುವುದೆಂದರೆ, ಬಚ್ಚಲಿನ ಚಿಲಕ ಒದ್ದು ಕಿತ್ತ ಮೇಲೆ ‘ಒಳಗೆ ಯಾರಾದ್ರೂ ಇದ್ದೀರಾ?’ ಎಂದು ಕೇಳಿದ ಹಾಗೆ. ಬೇಡಪ್ಪಾ ಎಂದು, ಪ್ರೊಸೀಜರ್ ಮುರಿದು ಎದ್ದೆ.

“ಪರ್ಚೇಸ್04 ಅಂದ್ರೆ ಯಾರ್ರೀ?”

“ನಾವು ನಾಲ್ಕೂ ಜನ ಸಾರ್. ಲೈಸೆನ್ಸ್ ಒಂದೇ ಅಲ್ವಾ.”

ಒಬ್ಬರು ರಜೆ, ಒಬ್ಬರು ಕ್ಯಾಂಟೀನು, ಒಬ್ಬರು ವೆಂಡರ್ ಹತ್ತಿರ ಹೋಗಿದ್ದಾರೆ. ನಾಲ್ಕನೆಯವರು ಮೊಸರನ್ನದ ಡಬ್ಬಿ ಪಕ್ಕಕ್ಕಿಟ್ಟು, “ನಾನು ಸುಮ್ನೆ ರೇಟ್ ನೋಡ್ತಿದ್ದೆ ಅಷ್ಟೇ” ಎಂದರು. ನೋಡಲು ಎಂಇ23ಎನ್, ತಿದ್ದಲು ಎಂಇ22ಎನ್. ಇವರು ಬೆಳಗ್ಗೆ ಹತ್ತಕ್ಕೆ 22ರಲ್ಲಿ ತೆರೆದಿಟ್ಟವರು, ಇನ್ನೂ ನೋಡುತ್ತಲೇ ಇದ್ದರು. ನಮ್ಮಲ್ಲಿ ಬಾಗಿಲು ಪೂರ್ತಿ ತೆಗೆಯದೆ ಇಣುಕುವುದು ಹುದ್ದೆಗೆ ಕಡಿಮೆ.

ಸುಮ್ಮನೆ ಕೂತವರನ್ನು ಇಂತಿಷ್ಟು ಸೆಕೆಂಡಿಗೆ ಹೊರಹಾಕು ಎನ್ನುವ ಸೆಟ್ಟಿಂಗೂ ಇದೆ. ನಮ್ಮಲ್ಲಿ ಅದು ಸೊನ್ನೆ. ಸೊನ್ನೆ ಎಂದರೆ ತಕ್ಷಣ ಎಂದಲ್ಲ, ಎಂದೆಂದಿಗೂ ಬೇಡ ಎಂದು. ಒಮ್ಮೆ 1800 ಮಾಡಿದ್ದರಂತೆ. ಫೈನಾನ್ಸ್ ಸಾಹೇಬರು ಊಟ ಮುಗಿಸಿ ಬರುವಷ್ಟರಲ್ಲಿ ಲಾಗೌಟ್ ಆಗಿದ್ದರು. ಸಂಜೆಗೆ ಮತ್ತೆ ಸೊನ್ನೆ.

ಅಂತೂ ಅವರು ಪರದೆ ಮುಚ್ಚಿದರು. ನಾನು ಓಡಿಬಂದು ಮಿಗೋದಲ್ಲಿ ಪಿಒ ಹಾಕಿದೆ, ಸಾಲುಗಳು ಬಂದವು, ಇನ್ನೇನು ಪೋಸ್ಟ್ ಒತ್ತಬೇಕು, ನೆಟ್‌ವರ್ಕು ಹೋಯಿತು. ಮತ್ತೆ ಲಾಗಿನ್ ಆದಾಗ ಕಂಡ ಸಾಲಿನಲ್ಲಿ ಈ ಸಲ ಇದ್ದದ್ದು ನನ್ನದೇ ಹೆಸರು. ಒಳಗೆ ಚಿಲಕ ಹಾಕಿಕೊಂಡವನೂ ನಾನೇ, ಹೊರಗೆ ಬಾಗಿಲು ಬಡಿಯುತ್ತಿರುವವನೂ ನಾನೇ.

ಕಿಟಕಿಯಲ್ಲಿ ನಾಲ್ಕನೇ ಸಲ ಡ್ರೈವರಿನ ಮುಖ. “ಯಾರು ಸಾರ್ ಹಿಡ್ಕೊಂಡಿರೋದು?”

“ಪರ್ಚೇಸ್‌ನವರು” ಎಂದೆ.