ನೀಲಿ ಪರದೆಯ ಮೀಮಾಂಸೆ: ರಾಯಚೂರು, ದೇವದುರ್ಗ, ಮಾನ್ವಿಗಳನ್ನು ಅನುಲಕ್ಷಿಸಿ

ಚಾಲಕವೆಂಬುದು ಯಂತ್ರಾಂಶ ಮತ್ತು ಕಾರ್ಯಾಚರಣ ವ್ಯವಸ್ಥೆಗಳ ನಡುವಣ ಅನುಸಂಧಾನವನ್ನು ಸಾಧ್ಯವಾಗಿಸುವ ಮಧ್ಯಸ್ಥ ತಂತ್ರಾಂಶ ನೆಲೆ. ಇಷ್ಟರಿಂದ ಏನೂ ತಿಳಿಯದಿದ್ದರೆ ವ್ಯಾಖ್ಯೆ ಯಶಸ್ವಿಯಾದಂತೆ. ತಿಳಿಯಲೇಬೇಕೆನ್ನುವವರಿಗೆ: ಕಂಪ್ಯೂಟರಿನ ಮಾತು ಪ್ರಿಂಟರಿಗೆ ಬರುವುದಿಲ್ಲ, ಪ್ರಿಂಟರಿನ ಮಾತು ಕಂಪ್ಯೂಟರಿಗೆ ಬರುವುದಿಲ್ಲ. ನಡುವೆ ನಿಂತ ದುಭಾಷಿಯೇ ಡ್ರೈವರ್.

ರಾಯಚೂರು ಸೀಮೆಯ ಚಾಲಕ ಪರಂಪರೆ ಪ್ರಾಚೀನವಾದುದು. ಇಲ್ಲಿನ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ 1294ರ ಶಾಸನವಿದೆ. ಜೊತೆಗೆ ಆ ಕಲ್ಲನ್ನು ಬಂಡಿಯಲ್ಲಿ ಸಾಗಿಸಿದ ದೃಶ್ಯವೂ ಇದೆ. ಸಾಲಾಗಿ ಹೂಡಿದ ಕೋಣಗಳು, ಅವನ್ನು ಹುರಿದುಂಬಿಸುವ ಚಾಲಕರು, ಗಾಲಿಗೆ ಮರ ಕೊಟ್ಟು ಮೀಟುವ ಆಳುಗಳು. ಇದನ್ನು ಡ್ರೈವರ್ ಅಳವಡಿಕೆಯ ಆದ್ಯ ಸಚಿತ್ರ ಕೈಪಿಡಿಯೆಂದು ಪ್ರತಿಪಾದಿಸಲು ಪ್ರಬಂಧಕಾರರಿಗೆ ಯಾವ ಅಡ್ಡಿಯೂ ಇಲ್ಲ. ಏಳು ಶತಮಾನ ಕಳೆದರೂ ಕಲ್ಲು ಒಮ್ಮೆಯೂ ಅಪ್‌ಡೇಟ್ ಕೇಳಿಲ್ಲ.

ಆಧುನಿಕ ಚಾಲಕದ ಗುಣ ಬೇರೆ. ಸಾಮಾನ್ಯ ಪ್ರೋಗ್ರಾಂಗಳು ಮನೆಯ ಪಡಸಾಲೆಯಲ್ಲಿ ಕೂರುವ ಬಗೆಯವು. ನುಡಿ ತಂತ್ರಾಂಶ ಕೆಟ್ಟರೆ ನುಡಿಯೊಂದೇ ಮುಚ್ಚಿಕೊಳ್ಳುತ್ತದೆ. ಅನೇಕ ಡ್ರೈವರುಗಳಿಗೆ ಮಾತ್ರ ಕರ್ನೆಲ್ ಎಂಬ ದೇವರಮನೆಗೇ ನೇರ ಪ್ರವೇಶ. ಅಲ್ಲಿ ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದರೆ, ಮುಂದುವರಿದು ಕಡತಗಳನ್ನೂ ಕೆಡಿಸುವುದು ಬೇಡವೆಂದು ವಿಂಡೋಸ್ ಇಡೀ ಸಂಸಾರವನ್ನೇ ನಿಲ್ಲಿಸಿಬಿಡುತ್ತದೆ. ನೀಲಿ ಪರದೆ, ಅದರ ಮೇಲೊಂದು ಜೋಲುಮೋರೆ. (2025ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ರ ಈ ಪರದೆಯನ್ನು ಕಪ್ಪಾಗಿಸಿತು. ಅಷ್ಟರಲ್ಲಿ ಶೀರ್ಷಿಕೆ ಅನುಮೋದನೆಗೊಂಡಿದ್ದರಿಂದ ಬದಲಿಸಲಾಗಿಲ್ಲ.)

ಪ್ರಾದೇಶಿಕ ಅನನ್ಯತೆಯ ನೆಲೆಯಿಂದ ಸದರಿ ಸ್ಥಗಿತಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಒಂದನೆಯದು ನೈಜ ಚಾಲಕದೋಷ. ಪರದೆಯ ಮೇಲೆ ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಮುಂತಾದ ಬೀಜಮಂತ್ರ ಮೂಡುತ್ತದೆ. ಕೆಳಗೆ ‘ಸಿಸ್’ ಎಂದು ಮುಗಿಯುವ ಫೈಲಿನ ಹೆಸರಿದ್ದರೆ ಅದೇ ಮುಖ್ಯ ಶಂಕಿತ. ಮಂತ್ರ ಮರೆಯಾಗುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಸಂಶೋಧನೆಯ ಪ್ರಥಮ ಸೋಪಾನ.

ಎರಡನೆಯದು ಆರೋಪಿತ ದೋಷ. ಕಚೇರಿಯ ಆಪರೇಟರನ ಬಾಯಿಂದ ಬರುವ ಜನಪದ ಪಾಠ: "ಸರ್ವರ್ ಇಲ್ಲವ್ವಾ, ನಾಳಿ ಬಾ." ಬೆರಳಚ್ಚು ಯಂತ್ರದ ಡ್ರೈವರ್ ಕೆಟ್ಟಿರಲಿ, ಪ್ರಿಂಟರಿನದೇ ಕಾಣೆಯಾಗಿರಲಿ, ಎಲ್ಲಕ್ಕೂ ಹೆಸರು ಸರ್ವರ್. ಎರಡರ ಭೇದ ಸುಲಭ. ಸರ್ವರ್ ಕೈಕೊಟ್ಟರೆ ಪುಟ ತೆರೆಯುವುದಿಲ್ಲ, ಕಂಪ್ಯೂಟರು ಮಾತ್ರ ನೆಟ್ಟಗಿರುತ್ತದೆ. ಡ್ರೈವರ್ ಕೈಕೊಟ್ಟರೆ ಕಂಪ್ಯೂಟರೇ ಮಲಗುತ್ತದೆ, ಇಲ್ಲವೇ ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಮೇಲೆ ಹಳದಿ ಗುರುತು ಕೂತಿರುತ್ತದೆ. ಆದರೂ ಸರ್ವರ್ ಎಂಬ ಪದ ಬಿಡದಿರುವುದಕ್ಕೆ ತಾತ್ವಿಕ ಕಾರಣವಿದೆ: ಸರ್ವರ್ ಇರುವುದು ಬೆಂಗಳೂರಿನಲ್ಲಿ, ಡ್ರೈವರ್ ಇರುವುದು ಎದುರಿನ ಮೇಜಿನ ಮೇಲೆ. ಬೆಂಗಳೂರನ್ನು ಯಾರೂ ರಿಪೇರಿ ಮಾಡಬೇಕಿಲ್ಲ.

ಮೂರನೆಯದು ವಿದ್ಯುನ್ನಿಮಿತ್ತ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ 1985ರಿಂದ ನಾಡಿಗೆ ಬೆಳಕು ಕೊಡುತ್ತಿದೆ, ಸಾಮರ್ಥ್ಯ 1720 ಮೆಗಾವಾಟ್. ಅದೇ ಜಿಲ್ಲೆಯ ಹಳ್ಳಿಯಲ್ಲಿ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಗಿ ಡ್ರೈವರ್ ಹರುಕಾಗುತ್ತದೆ. ಯುಪಿಎಸ್ ಇರುತ್ತದೆ; ಬ್ಯಾಟರಿ ಇರುವುದಿಲ್ಲ.

ನಾಲ್ಕು ಮತ್ತು ಐದನೆಯ ಬಗೆಗಳು ಮೊದಲ ಮೂರರಂತೆಯೇ ಇರುವುದರಿಂದ ಅವುಗಳ ಚರ್ಚೆ ಅನಗತ್ಯ.

ಪರಿಹಾರ ಕ್ರಮ ಹೀಗೆ. ಹೊಸದಾಗಿ ಏನು ಹಾಕಲಾಯಿತು ಎಂದು ಮೊದಲು ಕೇಳಬೇಕು. "ಏನೂ ಹಾಕಿಲ್ರಿ" ಎಂಬ ಉತ್ತರವನ್ನು ನಂಬಬಾರದು. ಯಂತ್ರ ಏಳದಿದ್ದರೆ ಸೇಫ್ ಮೋಡಿನಲ್ಲಿ ಎಬ್ಬಿಸಬೇಕು, ಅಲ್ಲಿ ತೀರ ಅಗತ್ಯದ ಡ್ರೈವರುಗಳಷ್ಟೇ ಏಳುತ್ತವೆ. ಎರಡು ಮೂರು ಸಲ ಪೂರ್ತಿ ಏಳದೆ ಸತ್ತರೆ ವಿಂಡೋಸ್ ತಾನಾಗಿ ದುರಸ್ತಿ ಪರದೆಗೆ ಹೋಗುತ್ತದೆ. ಈ ಸೇವೆಯನ್ನು ಕರೆಂಟು ಉಚಿತವಾಗಿ ಒದಗಿಸುತ್ತದೆ. ಬಳಿಕ ಡಿವೈಸ್ ಮ್ಯಾನೇಜರಿನಲ್ಲಿ ಶಂಕಿತ ಡ್ರೈವರನ್ನು ‘ರೋಲ್ ಬ್ಯಾಕ್’ ಮಾಡಬೇಕು. ಆ ಗುಂಡಿ ಮಸುಕಾಗಿದ್ದರೆ ಹಳೆಯದು ಉಳಿದಿಲ್ಲವೆಂದರ್ಥ. ಆಗ ಕಿತ್ತುಹಾಕಿ, ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಎಲ್ಲ ಡ್ರೈವರನ್ನೂ ಒಂದೇ ಏಟಿಗೆ ಸರಿಮಾಡುವೆನೆಂದು ಹೊರಟ ಉಚಿತ ತಂತ್ರಾಂಶಗಳು ಬಹುತೇಕ ರೋಗವೇ. ದೋಷ ಯಾವಾಗಲೂ ಆಪರೇಟರನದೂ ಅಲ್ಲ: 2021ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟಿನ ಅಧಿಕೃತ ಅಪ್‌ಡೇಟ್ ಬಂದ ಮೇಲೆ ಕೆಲವು ಪ್ರಿಂಟರುಗಳಿಗೆ ಪ್ರಿಂಟ್ ಕೊಟ್ಟ ಕೂಡಲೇ ನೀಲಿ ಪರದೆ ಬರುತ್ತಿತ್ತು.

ತೌಲನಿಕ ಅಧ್ಯಯನಕ್ಕೆ 2024ರ ಜುಲೈ 19 ಪ್ರಶಸ್ತ. ಅಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಕರ್ನೆಲ್ ಡ್ರೈವರ್ ಓದುವ ಒಂದು ಫೈಲು ಕೆಟ್ಟು, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ಮದ್ದು ಅದೇ: ಸೇಫ್ ಮೋಡಿಗೆ ಹೋಗಿ ಆ ಫೈಲನ್ನು ಅಳಿಸುವುದು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು, ಜನ ವಿಮಾನ ಹತ್ತಿದರು.

ಇಲ್ಲಿ ಪ್ರಬಂಧದ ಪರಿಭಾಷೆ ಸ್ವಲ್ಪ ತಡವರಿಸುತ್ತದೆ. ವಿಮಾನಕ್ಕೆ ಕೈಬರಹ ನಡೆಯುತ್ತದೆ. ಪಹಣಿಗೆ ನಡೆಯುವುದಿಲ್ಲ, ಜಮೀನಿನ ದಾಖಲೆಯನ್ನು ಗಣಕೀಕರಿಸಿದ ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿಗೆ ಬೆಲೆಯಿಲ್ಲ. ಹಾಗೆ ಮಾಡಿದ್ದಕ್ಕೆ ಒಳ್ಳೆಯ ಕಾರಣವೂ ಇತ್ತು, ತಿದ್ದುವ ಕೈಗಳು ಹೆಚ್ಚಿದ್ದವು. ಆದರೆ ಪೆನ್ನು ಕಸಿದುಕೊಂಡವರು ಯಂತ್ರ ಮಲಗಿದ ದಿನಕ್ಕೆ ಏನನ್ನೂ ಕೊಡಲಿಲ್ಲ. ಬೆರಳಚ್ಚು ಬೇಡುವ ಕೆಲಸಗಳಿಗೂ ಇದೇ ಗತಿ: ದೇವದುರ್ಗದ ಕಡೆ ಹತ್ತಿ ಬಿಡಿಸುವ, ಮಾನ್ವಿಯ ಕಾಲುವೆ ಕೆಳಗೆ ಭತ್ತ ನಾಟಿ ಮಾಡುವ ಹೆಂಗಸಿನ ಬೆರಳ ಗೆರೆ ಮೊದಲೇ ಸವೆದಿರುತ್ತದೆ. ಸವೆದದ್ದು ಬೆರಳೋ ಕೆಟ್ಟದ್ದು ಡ್ರೈವರೋ ಎಂದು ಯಾರೂ ನೋಡುವುದಿಲ್ಲ. "ನಿನ್ನೀನೂ ಇದ ಹೇಳಿದ್ಯಲ್ಲೋ ಯಪ್ಪಾ" ಎನ್ನುತ್ತಾಳೆ. ಎರಡು ದಿನದ ಕೂಲಿ, ಎರಡು ದಿನ ಬಂದು ಹೋಗುವ ತಿರುಗಾಟ. ಮಿನಿಡಂಪ್ ಎಂಬ ಫೋಲ್ಡರಿನಲ್ಲಿ ವಿಂಡೋಸ್ ತನ್ನ ನೀಲಿ ಪರದೆಯ ಸಾವುಗಳನ್ನು ದಿನಾಂಕ ಸಮೇತ ದಾಖಲಿಸಿಡುತ್ತದೆ. ಆಕೆ ಬಂದು ಹೋದ ದಿನಗಳಿಗೆ ಯಾವ ಫೋಲ್ಡರೂ ಇಲ್ಲ.

ಡ್ರೈವರ್ ಸರಿಪಡಿಸಿದ ನಂತರ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಹಳದಿ ಗುರುತು ಹೋಗಿದೆಯೇ ನೋಡಬೇಕು. ಒಂದು ಪುಟ ಪ್ರಿಂಟ್ ತೆಗೆದು, ಆಪರೇಟರ್ ತನ್ನದೇ ಹೆಬ್ಬೆಟ್ಟು ಒತ್ತಿ ಪರೀಕ್ಷಿಸಬೇಕು. ಆಮೇಲೆ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಯಾರಾದರೂ ಉಳಿದಿದ್ದರೆ ಕರೆಯಬೇಕು.