ಕರ್ಣಯಂತ್ರ ನಿದಾನ: ಉಮ್ಮತ್ತೂರು ಪಾಠ

ಉಮ್ಮತ್ತೂರಿನ ಬಗ್ಗೆ ಬರೆದ ವಿದ್ವಾಂಸರೆಲ್ಲ ಅಲ್ಲಿನ ಪಾಳೆಯಗಾರ ಗಂಗರಾಜನ ಬೆನ್ನು ಬಿದ್ದವರೇ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ, 1510ರ ಆಸುಪಾಸಿನಲ್ಲಿ, ದಂಡೆತ್ತಿ ಬಂದು ಅವನನ್ನು ಸೋಲಿಸಿದ್ದು ಎಲ್ಲರಿಗೂ ಗೊತ್ತು. ಆ ಗದ್ದಲ ಎಡಗಿವಿಗೆ ಎಷ್ಟು ಕೇಳಿಸಿತು, ಬಲಗಿವಿಗೆ ಎಷ್ಟು ಎಂಬುದನ್ನು ಮಾತ್ರ ಯಾರೂ ಶೋಧಿಸಿಲ್ಲ. ಐನೂರು ವರ್ಷಗಳ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಮೂಲ ಆಕರ ಉಮ್ಮತ್ತೂರಿನದೇ ಒಂದು ಮೌಖಿಕ ಹೇಳಿಕೆ: "ಅಣ್ಣೋ, ಮಾದಪ್ಪನ ಪದ ಆಕುದ್ರ ಬರೀ ಕಂಸಾಳೆ ಕೇಳ್ತದ, ಪದ ಏಳೋರೇ ಇಲ್ಲ ಕನಾ!" ಹೇಳಿಕೆ ಕೊಟ್ಟ ಯುವಕ ತನ್ನ ಇಯರ್‌ಫೋನಿಗೊಂದು ಆಂಪ್ಲಿಫೈಯರ್ ತರಲು ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದ. ಪೂರ್ವಪಕ್ಷಿಗಳು, ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದವರು, ಪವರ್ ಸಾಲದು ಎಂದು ಆಗಲೇ ತೀರ್ಪು ಕೊಟ್ಟಿದ್ದರು. ಪವರ್ ಸಾಲದಿದ್ದರೆ ಕಂಸಾಳೆಯೂ ಕುಗ್ಗಬೇಕಲ್ಲ ಎಂಬ ಶಂಕೆ ಅವರನ್ನು ಬಾಧಿಸಲಿಲ್ಲ.

ಇನ್ನು ಸಿದ್ಧಾಂತ. ಇಯರ್‌ಫೋನಿನ 3.5 ಮಿಲಿಮೀಟರ್ ಪಿನ್ನು ಒಂದು ಗಿಡ್ಡ ಶಾಸನಸ್ತಂಭ. ತುದಿ ಎಡಗಿವಿಗೆ, ಅದರ ಕೆಳಗಿನ ಬಳೆ ಬಲಗಿವಿಗೆ. ಎರಡಕ್ಕೂ ಅರ್ತ್ ಒಂದೇ. ಪಿನ್ನು ಪೂರ್ತಿ ಒಳಗೆ ಹೋಗದೆ ಅರ್ತ್ ಬಿಟ್ಟುಹೋದರೆ ಎಡಬಲಗಳ ವ್ಯತ್ಯಾಸವಷ್ಟೇ ಕೇಳಿಸುತ್ತದೆ. ಹಾಡುವವರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಹಂಚಿರುತ್ತಾರೆ. ಸಮನಾದದ್ದು ಪರಸ್ಪರ ಕಳೆದುಹೋಗಿ, ಒಂದು ಪಕ್ಕಕ್ಕೆ ವಾಲಿದ ಕಂಸಾಳೆ ಉಳಿಯುತ್ತದೆ. ಟಾರ್ಚ್ ಬಿಟ್ಟು ನೋಡಿದಾಗ ಫೋನಿನ ತೂತಿನಲ್ಲಿ ಪ್ಯಾಂಟಿನ ಜೇಬಿನ ನೂಲು ಉಂಡೆಗಟ್ಟಿತ್ತು. ಹಲ್ಲುಕಡ್ಡಿಯಿಂದ ಉತ್ಖನನ ನಡೆಯಿತು. ಪದ ಹೇಳುವವರು ಬಂದರು.

ಒಂದೇ ಕಿವಿಗೆ ಮಂಕಾಗಿ ಕೇಳಿದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಳ್ಳಿ. ಮಂಕು ಇನ್ನೊಂದು ಕಿವಿಗೆ ದಾಟಿದರೆ ದೋಷ ಯಂತ್ರದ್ದು, ಇಲ್ಲವೆ ಫೋನಿನ ಬ್ಯಾಲೆನ್ಸ್ ಸೆಟ್ಟಿಂಗಿನದು. ಬೇರೊಂದು ಫೋನಿಗೆ ಚುಚ್ಚಿದರೆ ಯಾವುದರದ್ದೆಂದು ಗೊತ್ತಾಗುತ್ತದೆ. ಅದೇ ಕಿವಿಯಲ್ಲಿ ಉಳಿದರೆ ದೋಷ ಕಿವಿಯದು, ಬಹುಶಃ ಗುಗ್ಗೆ. ಅದಕ್ಕೆ ಆಂಪ್ಲಿಫೈಯರ್ ಅಲ್ಲ, ಡಾಕ್ಟರು.

ಆದರೂ ಆಂಪ್ಲಿಫೈಯರ್ ಬೇಕೆಂಬ ಹಟವಾದಿಗಳಿಗೆ: 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 30 ವಾಟಿನ ಟ್ರಾನ್ಸ್‌ಮಿಟರಿನಿಂದ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರವನ್ನೇ ಶುರುಮಾಡಿದರು. ಸಾಧಾರಣ ಇಯರ್‌ಫೋನಿಗೆ ವಾಟಿನ ಸಾವಿರದ ಒಂದು ಭಾಗ ಕೊಟ್ಟರೂ ಕಿವಿ ಗುಂಯ್ ಎನ್ನುತ್ತದೆ. (ಈ ಎರಡು ವಾಟುಗಳನ್ನು ಹೋಲಿಸುವುದು ಶಾಸ್ತ್ರಸಮ್ಮತವಲ್ಲ. ಆದರೆ ಹೋಲಿಸದೆ ಡಾಕ್ಟರೇಟ್ ಸಿಗುವುದಿಲ್ಲ.)

ಅಪವಾದ ಉಂಟು. ಒಂದು ವೋಲ್ಟಿನಲ್ಲಿ 32 ಓಮ್ ಹೆಡ್‌ಫೋನಿಗೆ 31 ಮಿಲಿವಾಟ್ ಸಿಕ್ಕರೆ, 300 ಓಮಿನ ಸ್ಟುಡಿಯೋ ಹೆಡ್‌ಫೋನಿಗೆ ಸಿಗುವುದು ಮೂರು ಚಿಲ್ಲರೆ. ವಾಲ್ಯೂಮ್ ತುದಿ ಮುಟ್ಟಿದರೂ ಸದ್ದು ಸಾಲದ ಅಂಥವಕ್ಕೆ ಆಂಪ್ಲಿಫೈಯರ್ ನಿಜಕ್ಕೂ ಬೇಕು. ಬ್ಲೂಟೂತಿನವರಿಗೆ ಆ ಚಿಂತೆಯೇ ಇಲ್ಲ. ಅವರ ಆಂಪ್ಲಿಫೈಯರ್ ಕಿವಿಯೊಳಗೇ ಕೂತಿದೆ. ಉಳಿದವರಿಗೆ ಆಂಪ್ಲಿಫೈಯರ್ ಕರಕರ ಸದ್ದನ್ನೂ ಸೇರಿಸಿ ದೊಡ್ಡದು ಮಾಡಿಕೊಡುತ್ತದೆ, ಅಷ್ಟೆ. ಸದ್ದು ದೊಡ್ಡದಾಗುವುದಕ್ಕೂ ಮಿತಿಯುಂಟು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ನಾಲ್ಕೇ ಗಂಟೆ.

ಓದುಗರಲ್ಲಿ ವಿನಂತಿ: ಉತ್ಖನನಕ್ಕೆ ಮೊದಲು ಫೋನ್ ಆಫ್ ಮಾಡಿ, ಮರದ ಕಡ್ಡಿಯನ್ನೇ ಬಳಸಿ. ಗುಂಡುಸೂಜಿ ಹಾಕಿ ಕೆಡಿಸಿಕೊಂಡವರ ಪ್ರಕರಣಗಳನ್ನು ಈ ಪ್ರಬಂಧಕಾರ ಸ್ವೀಕರಿಸುವುದಿಲ್ಲ.